ಇಳಕಲ್ಲಿನಲ್ಲಿ ಬೀಗರು ಆನೆ ಕೊಟ್ಟದ್ದು

ಮನುಷ್ಯನ ಬುದ್ಧಿ ದೊಡ್ಡದೋ ಯಂತ್ರದ ಬುದ್ಧಿ ದೊಡ್ಡದೋ ಎಂಬುದು ನಮ್ಮ ಕಾಲದ ಅತಿ ಗಂಭೀರ ಪ್ರಶ್ನೆ. ನನಗೆ ಅದು ಎದುರಾದದ್ದು ಇಳಕಲ್ಲಿನ ಬೀಗರ ಮನೆಯಲ್ಲಿ, ನಾಲ್ಕನೆಯ ಶೇಂಗಾ ಹೋಳಿಗೆ ಹೊಟ್ಟೆ ಸೇರಿದ ಮೇಲೆ. ಆ ಹೊತ್ತಿನಲ್ಲಿ ನನ್ನ ಬಳಿ ಯಾವ ಬುದ್ಧಿಯೂ ಇರಲಿಲ್ಲ.

ಬೀಗರೆಂದರೆ ನನ್ನ ಮಗಳ ಮಾವ. ಸೀರೆ ವ್ಯಾಪಾರಿ; ಮನೆಯ ಹಿಂದಿನ ಕೋಣೆಯಲ್ಲಿ ಈಗಲೂ ಮಗ್ಗ ನಡೆಯುತ್ತದೆ. ನಾನು ಬಾಗಲಕೋಟೆಯ ನಿವೃತ್ತ ಗಣಿತ ಮಾಸ್ತರ. ನಮ್ಮಿಬ್ಬರ ಜಂಟಿ ಆಸ್ತಿ ಎಂದರೆ ಹುನಗುಂದದಲ್ಲಿರುವ ಮೊಮ್ಮಗಳು ಒಬ್ಬಳೇ. ಎಂಟು ತುಂಬಿದ ಆ ಆಸ್ತಿ ಒಂದು ದಿನ ತನಗೆ ಬುದ್ಧಿಬಳ ಕಲಿಸಿರೆಂದು ಕೇಳಿತು. ಜಗತ್ತು ಚೆಸ್ ಎಂದು ಕರೆಯುವ ಆಟಕ್ಕೆ ನಮ್ಮ ಕಡೆಯ ಹೆಸರು ಅದು.

ನಾನು ಕೂಡಲೇ ಬಾಗಲಕೋಟೆಯ ಬೇಸಿಗೆ ಕ್ಲಾಸಿನಲ್ಲಿ ಸೀಟು ಹಿಡಿದೆ. ಅಲ್ಲಿ ಅಂತರರಾಷ್ಟ್ರೀಯ ನಿಯಮ, ಗಡಿಯಾರ, ಕೊನೆಗೊಂದು ಸರ್ಟಿಫಿಕೇಟು. ಸುದ್ದಿ ಮುಟ್ಟಿಸಲು ಬೀಗರಿಗೆ ಫೋನು ಮಾಡಿದೆ. ಅವರು, "ಮೊದಲ ನಮ್ಮ ಆಟ ಕಲೀಲಿ ಬೀಗರ. ಜಗತ್ತಿಂದು ಆಮ್ಯಾಲೆ ಕಲಿತಾಳ. ರಜಾಕ್ಕ ನಮ್ಮ ಮನಿಗಿ ಕಳಸ್ರಿ," ಅಂದರು.

ಅವರ ಸಂಕಟ ನನಗೆ ಗೊತ್ತಿತ್ತು. ಅವರಿಗೆ ಅವರಪ್ಪ ಕಲಿಸಿದ ಆಟ. ಮಗನಿಗೆ, ಅಂದರೆ ನಮ್ಮ ಅಳಿಯನಿಗೆ, ಕಲಿಸಲು ಹೋದಾಗ ಆತ ನಡುವೆಯೇ ಎದ್ದು ಕ್ರಿಕೆಟ್ಟಿಗೆ ಹೋದವನು ತಿರುಗಿ ಮಣೆಯ ಮುಂದೆ ಕೂತಿಲ್ಲ. ಮೊಮ್ಮಗಳು ಕಲಿಯದಿದ್ದರೆ ಆ ಮನೆಯ ಆಟ ಬೀಗರ ಸಂಗಡವೇ ಮುಗಿದಂತೆ. ಅವರೇನು ಇದನ್ನು ಬಾಯಿಬಿಟ್ಟು ಹೇಳುವವರಲ್ಲ. ಹೇಳಿದ್ದು ಇಷ್ಟು: "ಬರ್ರಿ, ಒಂದ ಆಟ ಆಡೂಣು. ಗೆದ್ದಾವ್ರ ಮನಿಗಿ ಕೂಸು."

ಮೊಮ್ಮಗಳಿಗೆ ಪರೀಕ್ಷೆ ಇತ್ತು, ಬರಲಿಲ್ಲ. ಯಾರ ಭವಿಷ್ಯ ತೀರ್ಮಾನಿಸಬೇಕೋ ಅವರೊಬ್ಬರನ್ನು ಬಿಟ್ಟು ಮಿಕ್ಕವರು ಕೂಡುವುದು ನಮ್ಮಲ್ಲಿ ಹಳೆಯ ಶಿಸ್ತು.

ಆಟ ಅವರ ಮನೆಯಲ್ಲಿ, ಆದ್ದರಿಂದ ನಿಯಮವೂ ಅವರ ಮನೆಯದೇ. ಉಣ್ಣಲು ಬಂದ ಬೀಗ ನಿಯಮದ ತಕರಾರು ತೆಗೆದರೆ ಮರ್ಯಾದೆ ಉಳಿಯುವುದಿಲ್ಲ. ತಟ್ಟೆಗೆ ಬಿದ್ದ ಹೋಳಿಗೆ ಬೇಡವೆಂದರೂ ಉಳಿಯುವುದಿಲ್ಲ. ಎರಡನ್ನೂ ನುಂಗಿಕೊಂಡು ಪಡಸಾಲೆಯಲ್ಲಿ ಕಂಬಳಿಯ ಮೇಲೆ ಕೂತೆ.

ಬಹಳ ಹೊತ್ತು ಆಟ ಸಮಸಮವಾಗಿಯೇ ಇತ್ತು. ಆಗ ಬೀಗರು ತಮ್ಮ ಆನೆಯನ್ನು ಎತ್ತಿ, ನನ್ನ ರಾಜನ ಮುಂದೆ ನಿಂತಿದ್ದ ಕಾಲಾಳು ಪ್ಯಾದಿಯನ್ನು ಹೊಡೆದು, "ಶಹ" ಅಂದರು, ಚೆಸ್ಸಿನವರ ಚೆಕ್. ಆ ಆನೆಗೆ ಹಿಂದೆ ಯಾರ ಬೆಂಬಲವೂ ಇರಲಿಲ್ಲ. ನನ್ನ ರಾಜ ಒಂದು ಹೆಜ್ಜೆ ಇಟ್ಟು ಅದನ್ನು ತೆಗೆದುಕೊಂಡ.

"ನೋಡಿ ಆಡ್ರಿ ಬೀಗರ," ಅಂದೆ. "ಒಂದ ಪ್ಯಾದಿಗಿ ಆನಿ ಹೋತು."

"ಹೋಗ್ಲಿ ಬಿಡ್ರಿ. ನಿಮ್ಮ ರಾಜನ ಜಿಗಿತಾನೂ ಹೋತಲ್ಲ."

ಹಳೆಯ ಆಟದಲ್ಲಿ ರಾಜನಿಗೆ ಒಂದು ಸವಲತ್ತು ಇದೆ. ಅಲ್ಲಿಯವರೆಗೆ ಒಮ್ಮೆಯೂ ಶಹ ಬೀಳದಿದ್ದರೆ, ಇಡೀ ಆಟದಲ್ಲಿ ಒಂದು ಸಲ ಅವನು ಕುದುರೆಯ ಹಾಗೆ ಜಿಗಿಯಬಹುದು. ಶಹ ಬಿದ್ದರೆ ಆ ಹಕ್ಕು ರದ್ದು. ಬೀಗರು ಒಂದು ಇಡೀ ಆನೆ ತೆತ್ತು ನನ್ನ ರಾಜನಿಂದ ಕಿತ್ತುಕೊಂಡದ್ದು ಅವನು ಬಳಸುತ್ತಾನೋ ಇಲ್ಲವೋ ಗೊತ್ತಿಲ್ಲದ ಒಂದು ಜಿಗಿತವನ್ನು.

"ಸೆರಗಿಗೆ ರೇಷ್ಮಿ ಹಾಕಬೇಕಂದ್ರ ಒಡಲಿಗೆ ಹತ್ತೀನ ಹಾಕಬೇಕಾಗ್ತೈತ್ರಿ," ಎಂದು ವಿವರಿಸಿದರು. ಬೀಗರು ಯಾವ ವಿಷಯವನ್ನೂ ಸೀರೆಗೆ ತಂದು ನಿಲ್ಲಿಸುತ್ತಾರೆ. ಮಕ್ಕಳ ಮದುವೆಯ ಮಾತುಕತೆಯಲ್ಲೂ ತಂದಿದ್ದರು, ಅಲ್ಲೂ ನನಗೆ ತಿಳಿದಿರಲಿಲ್ಲ.

ಗೋಡೆಗೆ ಒರಗಿ ಕೂತಿದ್ದ ನನ್ನ ಹೆಂಡತಿಯ ಫೋನಿನಲ್ಲಿ ಮೊಮ್ಮಗಳು ಚೆಸ್ ಎಂಜಿನ್ ಹಾಕಿಕೊಟ್ಟಿದ್ದಳು. ಕಾಯಿಗಳನ್ನು ಅದರಲ್ಲಿ ಜೋಡಿಸಿದರೆ ಯಾರ ಕೈ ಮೇಲು, ಮುಂದೇನು ಆಡಬೇಕು ಎಂದು ಹೇಳುತ್ತದೆ. ಜಗತ್ತಿನ ಯಾವ ಪಂಡಿತನೂ ಅದನ್ನು ಸೋಲಿಸಲಾರನಂತೆ.

"ಅಕ್ಕಾರ, ಕೇಳ್ರಿ ಅದಕ್ಕ," ಅಂದರು ಬೀಗರೇ. "ನನ್ನ ಆನಿ ಬಗ್ಗೆ ಏನಂತೈತಿ ನೋಡೂಣು. ಅದು ಹೇಳಿದ ನಡಿ ನೀವು ಆಡ್ರಿ, ನಂದೇನೂ ತಕರಾರಿಲ್ಲ."

ಅವಳು ಕನ್ನಡಕ ಏರಿಸಿ, ಕಾಯಿ ಜೋಡಿಸಿ, ಹವಾಮಾನ ವರದಿ ಓದುವ ಧಾಟಿಯಲ್ಲಿ, "ಇವ್ರಿಗೆ ಪ್ಲಸ್ ನಾಲ್ಕು. ಬೀಗರು ಆನಿ ಕೊಟ್ಟದ್ದು ಭಾಳ ದೊಡ್ಡ ತಪ್ಪಂತ," ಅಂದಳು.

"ಹಂಗಂತೈತೇನು," ಅಂದ ಬೀಗರು ಅಡಿಕೆ ಕತ್ತರಿಸತೊಡಗಿದರು.

ಮುಂದೆ ನಾನು ಆಡಲಿಲ್ಲ, ಯಂತ್ರ ಆಡಿತು. ನಾನು ಕೂಲಿಯವನ ಹಾಗೆ ಕಾಯಿ ಸಾಗಿಸಿದೆ. ಒಂದೊಂದು ನಡೆಗೂ ನನ್ನ ಅಂಕ ಏರಿತು. ನನ್ನ ಆನೆ ಬೀಗರ ರಾಜನ ಒಂದು ಮಗ್ಗುಲು ಕಟ್ಟಿತು, ಒಂಟೆ ಇನ್ನೊಂದು ಮಗ್ಗುಲು. ನಡುವೆ ಒಂದೆರಡು ಸಲ ಶಹ ಹಾಕುವ ಆಸೆ ನನಗಾಯಿತು. ಯಂತ್ರ ಒಪ್ಪಲಿಲ್ಲ, ಅದು ವ್ಯರ್ಥ ನಡೆಯೆಂದಿತು. ಕೊನೆಗೆ ನನ್ನ ವಜೀರನನ್ನು ಸದ್ದಿಲ್ಲದೆ ಅವರ ರಾಜನ ಪಕ್ಕದ ಸಾಲಿಗೆ ತರಿಸಿತು.

"ಮುಗೀತ್ರಿ," ಅಂದಳು ಹೆಂಡತಿ. "ಬೀಗರು ಏನ ಆಡಿದ್ರೂ ಮುಂದಿನ ನಡೀಗೆ ಮಾತ್ ಅಂತ." ಧ್ವನಿಯಲ್ಲಿ ಸ್ವಲ್ಪ ಬೇಜಾರಿತ್ತು. ಅವರ ಮನೆಯ ಹೋಳಿಗೆ ಅವಳೂ ತಿಂದಿದ್ದಳು.

ಬೀಗರು ಅಡಿಕೆ ಬಾಯಿಗೆ ಹಾಕಿಕೊಂಡು, ರಾಜನನ್ನು ಎರಡು ಬೆರಳಲ್ಲಿ ಎತ್ತಿ, ತಮ್ಮ ಪ್ಯಾದಿಗಳ ಬೇಲಿಯ ಮೇಲಿಂದ ಕುದುರೆಯ ನಡೆಯಲ್ಲಿ ಆಚೆ ಇಟ್ಟರು. ಅವರ ರಾಜನಿಗೆ ಅಲ್ಲಿಯವರೆಗೆ ಒಂದೇ ಒಂದು ಶಹ ಬಿದ್ದಿರಲಿಲ್ಲ. ನನ್ನ ವಜೀರ, ಆನೆ, ಒಂಟೆ ಮೂವರೂ ಖಾಲಿ ಮೂಲೆಯನ್ನು ಮುತ್ತಿಗೆ ಹಾಕಿ ನಿಂತಿದ್ದರು.

ಹೆಂಡತಿ ಆ ನಡೆಯನ್ನು ಫೋನಿನಲ್ಲಿ ಇಡಲು ನೋಡಿದಳು. ಅವಳು ರಾಜನನ್ನು ಆಚೆ ಎಳೆದಷ್ಟು ಸಲವೂ ಅದು ಅವನನ್ನು ಹಿಡಿದು ಮೊದಲಿನ ಮನೆಯಲ್ಲೇ ಕೂಡಿಸಿತು.

"ಇದು ಒಲ್ಲೆ ಅಂತೈತ್ರಿ," ಅಂದಳು.

"ಅದಕ್ಕ ನಮ್ಮೂರ ಆಟ ಯಾರೂ ಕಲಿಸಿಲ್ಲರಿ ಅಕ್ಕಾರ," ಅಂದರು ಬೀಗರು, ಮೆಲ್ಲಗೆ.

ಆಮೇಲಿನದು ಹೆಚ್ಚು ಹೊತ್ತು ಹಿಡಿಯಲಿಲ್ಲ. ಅವರ ವಜೀರ, ಕುದುರೆ ಎರಡೂ ನನ್ನ ರಾಜನ ಮೇಲೆ ಬಂದವು. ನನ್ನವರು ಯಾರೂ ಹತ್ತಿರ ಇರಲಿಲ್ಲ. ಅವನೂ ಜಿಗಿಯಬೇಕಾದ ಹೊತ್ತು ಬಂತು, ಜಿಗಿಯುವ ಹಕ್ಕು ಆನೆಯ ಸಂಗಡ ಹೋಗಿತ್ತು. ನನಗೆ ಮಾತ್ ಬಿದ್ದಾಗ ಫೋನು ಇನ್ನೂ ಹಳೆಯ ಜಾಗದಲ್ಲೇ ನಿಂತು, ನಾನು ಗೆದ್ದೆನೆಂದು ತೋರಿಸುತ್ತಿತ್ತು.

"ಆನಿ ಕೊಡೂವಾಗನ ಇಷ್ಟೆಲ್ಲಾ ನಿಮಗ ಕಂಡಿತ್ತೇನು?" ಎಂದು ಕೇಳಿದೆ.

"ಇಲ್ಲ ತಗೀರಿ, ಇಷ್ಟ ಯಾರಿಗಿ ಕಾಣ್ತೈತಿ," ಅಂದರು. "ನೀವು ಅಕ್ಕಾರ ಫೋನ ಕಡೆ ನೋಡಾಕತ್ತಿದ್ದು ಕಂಡಿತ್ತು."

ನನ್ನ ಮುಖ ನೋಡಿ ಅವರಿಗೇ ಪಾಪ ಅನ್ನಿಸಿರಬೇಕು. "ನೀವೂ ಬರ್ರಿ ರಜಾಕ್ಕ. ಇಬ್ಬರಿಗೂ ಕೂಡೇ ಕಲಸ್ತೇನಿ," ಅಂದರು. ಗಣಿತ ಮಾಸ್ತರನಿಗೆ ಇದಕ್ಕಿಂತ ಪ್ರೀತಿಯ ಅವಮಾನವನ್ನು ಯಾರೂ ಮಾಡಿರಲಿಲ್ಲ. ನೋಡೋಣ ಅಂದೆ. ಹೆಂಡತಿ ಫೋನನ್ನು ಚೀಲಕ್ಕೆ ಹಾಕಿ, ಹೋಳಿಗೆಯ ಡಬ್ಬಿಯನ್ನು ಅದರ ಮೇಲಿಟ್ಟಳು.

ಬೇಸಿಗೆ ರಜೆಗೆ ಮೊಮ್ಮಗಳು ಇಳಕಲ್ಲಿಗೆ ಹೋದಳು. ಬಾಗಲಕೋಟೆಯ ಕ್ಲಾಸಿನ ಸೀಟು ಬೇರೆ ಯಾರಿಗೋ ಹೋಯಿತು.