ಮತ್ತೊಮ್ಮೆ ಕೇಳುತ್ತಿದ್ದ ಸಾಹೇಬರು

ಎಂಟರ್ ಕೀ ಒತ್ತುವ ಮೊದಲು ಅವರು ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, ತೆರೆಯ ಮೇಲಿನ ಸಾಲನ್ನು ತುಟಿಯಾಡಿಸುತ್ತ ಓದುತ್ತಿದ್ದರು. ಈ ಅಭ್ಯಾಸ ಅವರಿಗೆ ಬಂದದ್ದು ನನ್ನ ದೆಸೆಯಿಂದ.

ತೊಂಬತ್ತರ ದಶಕದಲ್ಲಿ ಚಿಕ್ಕೋಡಿ ಕಡೆಯ ಒಂದು ಸಕ್ಕರೆ ಕಾರ್ಖಾನೆಯ ಕಬ್ಬಿನ ವಿಭಾಗದಲ್ಲಿ ನಾನು ಟೈಪಿಸ್ಟ್. ಅವರು ಕಂಪ್ಯೂಟರ್ ಸಾಹೇಬರು. ಜೈನರು. ಎಂಥ ಕೆಲಸವಿದ್ದರೂ ಹೊತ್ತು ಮುಳುಗುವ ಮೊದಲು ಡಬ್ಬಿ ಬಿಚ್ಚಿ ಊಟ ಮುಗಿಸುವರು. ಮುಳುಗಿದ ಮೇಲೆ ನೀರೂ ಮುಟ್ಟರು.

ಪ್ರತಿ ಹಂಗಾಮಿಗೆ ಮೊದಲು ಕಬ್ಬಿನ ಪ್ರೋಗ್ರಾಮನ್ನು ಹೊಸದಾಗಿ ಕಟ್ಟಬೇಕಿತ್ತು. ಅದಕ್ಕೆ ಅವರು ಬರೆದಿದ್ದ ಆಜ್ಞೆಗಳ ಸರಣಿ, ಅಂದರೆ ಸ್ಕ್ರಿಪ್ಟ್, ಇಂಗ್ಲಿಷಿನಲ್ಲಿ ನಾಲ್ಕಾರು ಪ್ರಶ್ನೆ ಕೇಳುತ್ತಿತ್ತು. ಉತ್ತರ ಕೊಟ್ಟಂತೆ ಪ್ರೋಗ್ರಾಮ್ ಸಿದ್ಧವಾಗುತ್ತಿತ್ತು. ಒಂದು ಸಂಜೆ ಅವರು ಊಟಕ್ಕೆದ್ದಾಗ ಅದನ್ನು ನಾನು ನಡೆಸಿದೆ. ಯಾವ ರೈತ ಯಾವಾಗ ಕಬ್ಬು ನೆಟ್ಟ ಎಂಬ ಹಳೆಯ ನೋಂದಣಿ ಅಳಿಸಬೇಕೇ ಎಂದು ಕೇಳಿತು. ಹಿಂದೆ ನಿಂತಿದ್ದ ಕಬ್ಬಿನ ಇನ್‌ಸ್ಪೆಕ್ಟರ್ ‘ಬ್ಯಾಡ’ ಎಂದರು. ರೈತರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳುವುದು ನಮ್ಮ ವಿಭಾಗದ ರೂಢಿ. ನಾನೂ ಇಂಗ್ಲಿಷ್ ಅಕ್ಷರಗಳಲ್ಲಿ ‘ಬ್ಯಾಡ’ ಎಂದೇ ಒತ್ತಿದೆ.

‘ನೋ’ ಅಲ್ಲದ್ದೆಲ್ಲವೂ ಆ ಸ್ಕ್ರಿಪ್ಟಿಗೆ ‘ಯೆಸ್’. ನೋಂದಣಿ ಅಳಿಸಿಹೋಯಿತು. ಉಳಿದ ಊರುಗಳದ್ದರ ಪ್ರತಿ ಫ್ಲಾಪಿಯಲ್ಲಿತ್ತು, ಕರೋಶಿಯದು ಇರಲಿಲ್ಲ. ನಾಟಿಯ ತಾರೀಖಿಲ್ಲದೆ ಕಟಾವಿನ ಪಾಳಿ ಇಲ್ಲ. ಪಾಳಿ ತಪ್ಪಿದರೆ ಕಬ್ಬು ನಿಂತಲ್ಲೇ ಒಣಗುತ್ತದೆ.

ಸಾಹೇಬರು ಊಟ ಮುಗಿಸಿ ಬಂದು ತೆರೆಯ ಮೇಲಿನ ನನ್ನ ಉತ್ತರ ಓದಿದರು. ‘ತಪ್ಪ ನಿಂದಲ್ಲ ತಂಗಿ. ತಿಳೀಲಾರದ್ದನ್ನ ಹೌದಂತ ತಿಳ್ಕೋ ಅಂತ ಅದಕ್ಕ ಕಲಿಸಿದಾಂವ ನಾ.’

ಎಂಟು ದಿನ ಕರೋಶಿಯಲ್ಲಿ ಮನೆಮನೆಗೆ ಹೋಗಿ ತಾರೀಖು ಬರೆದುಕೊಂಡೆವು. ಒಬ್ಬ ಮುದುಕಿ, ‘ನಿಮ್ಮ ಪೆಟಿಗಿ ಮರ್ತೈತಿ, ನಾ ಮರ್ತಿಲ್ರಿ ಸಾಹೇಬ್ರ’ ಎಂದು ಚುಚ್ಚಿದಳು. ಅವರು ನಕ್ಕು ಅದನ್ನೂ ಬರೆದುಕೊಂಡರು. ಪಾಳಿ ಉಳಿಯಿತು.

ಎಂಟರ್ ಒತ್ತುವ ಮೊದಲು ಕೈ ತೊಡೆಯ ಮೇಲಿಟ್ಟು ಓದುವುದು ಅಂದಿನಿಂದಲೇ. ಜೊತೆಗೆ ಅವರಿಗೊಂದು ಹುಚ್ಚೂ ಹತ್ತಿತು. ಜನ ಯಾವುದನ್ನಾದರೂ ಒಲ್ಲೆ ಎನ್ನುವ ಬಗೆಗಳನ್ನೆಲ್ಲ ಒಂದು ವಹಿಯಲ್ಲಿ ಕೂಡಿಸತೊಡಗಿದರು: ಮರಾಠಿಯ ನಕೋ, ನೋಡೂಣ್ರಿ, ಸದ್ಯ ಇರ್ಲಿ, ಬರೀ ಕೆಮ್ಮುವುದು. ಇವನ್ನೆಲ್ಲ ಸ್ಕ್ರಿಪ್ಟಿಗೆ ಕಲಿಸುತ್ತೀರಾ ಎಂದು ಕೇಳಿದೆ. ‘ಎಷ್ಟಂತ ಕಲಿಸ್ಲಿ? ತಿಳೀಲಿಲ್ಲಂದ್ರ ನಿಂದ್ರು, ಮತ್ತೊಮ್ಮೆ ಕೇಳು. ಅಷ್ಟ ಕಲಿಸೀನಿ.’

ವರ್ಷಗಳ ನಂತರ, ಅವರ ಕೊನೆಯ ವಾರದಲ್ಲಿ, ನೋಡಲು ಹೋಗಿದ್ದೆ. ಮಾತು ನಿಂತಿತ್ತು, ತುಟಿ ಒಣಗಿತ್ತು. ನೀರು ಕೊಡಲೇ ಎಂದೆ. ತಲೆ ತುಸು ಅಲುಗಿತು. ಹೌದೋ ಅಲ್ಲವೋ ತಿಳಿಯಲಿಲ್ಲ. ಲೋಟ ಎತ್ತಿದವಳು ಕೆಳಗಿಟ್ಟೆ. ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ಮತ್ತೊಮ್ಮೆ ಕೇಳಿದೆ.

ಅವರು ನನ್ನ ಕೈಗಳನ್ನು ನೋಡಿದರು. ಆಮೇಲೆ ಕಣ್ಣನ್ನು ನಿಧಾನವಾಗಿ ಕಿಟಕಿಯತ್ತ ಹೊರಳಿಸಿದರು. ಹೊತ್ತು ಮುಳುಗಿತ್ತು.