ಹೊಳೆಯ ಮೇಲೆ ಒಂದು ಸಂಜೆಯ ಬೆಂಕಿ

ಊರಿನ ಅರ್ಧಕ್ಕರ್ಧ ಮನೆಗಳ ಗೇಟು, ಕಿಟಕಿಯ ಸರಳು ಅವಳ ಶೆಡ್ಡಿನಲ್ಲೇ ತಯಾರಾಗಿದ್ದರಿಂದ ಎಲ್ಲರೂ ಅವಳನ್ನು ಗೇಟಕ್ಕ ಎನ್ನುತ್ತಿದ್ದರು. ಅರವತ್ತು ದಾಟಿದರೂ ವೆಲ್ಡಿಂಗ್ ಕೆಲಸವನ್ನು ಬೇರೆಯವರ ಕೈಗೆ ಬಿಟ್ಟವಳಲ್ಲ. ಆದರೆ ಮಾತಿಗೆ ಕೂತಳೆಂದರೆ ಕೈಯಲ್ಲಿದ್ದ ಕೆಲಸ ಅಲ್ಲಿಗೇ ನಿಲ್ಲುತ್ತಿತ್ತು. ಮಾತು ಎಲ್ಲಿಂದ ಶುರುವಾದರೂ ಕೊನೆಗೆ ಹೊಳೆಯ ದಡಕ್ಕೇ ಬಂದು ಸೇರುತ್ತಿತ್ತು.

ಅವಳ ಅಪ್ಪ ಅಂಬಿಗ. ಸೇತುವೆ ಇಲ್ಲದ ಕಾಲ ಅದು. ಹೊತ್ತು ಮುಳುಗುತ್ತಲೇ ಆತ ಖಾಲಿ ಪೀಪಾಯಿಗಳ ಮೇಲೆ ಕಬ್ಬಿಣದ ಬುಟ್ಟಿ ಕೂರಿಸಿ, ಸೌದೆ ಹೊತ್ತಿಸಿ, ಹಗ್ಗ ಬಿಗಿದು ನೀರಿನ ಮೇಲೆ ಸಾಲಾಗಿ ತೇಲಿಬಿಡುತ್ತಿದ್ದ. ಬಂಡೆಗಳ ನಡುವೆ ದೋಣಿ ಎಲ್ಲಿ ಹಾಯಬೇಕು ಎನ್ನುವುದಕ್ಕೆ ಆ ಬೆಂಕಿಯೇ ಗುರುತು. ಆಚೆ ದಡಕ್ಕೆ ಮದುವೆಯಾಗಿ ಹೋಗಿದ್ದ ಅಕ್ಕ ತವರಿಗೆ ಬಂದಾಗಲೆಲ್ಲ ಕಡೆಯ ದೋಣಿ ತಪ್ಪಿಹೋಯಿತೆಂಬ ನೆವ ಹೇಳಿ ಉಳಿದುಬಿಡುತ್ತಿದ್ದಳು. ಇಬ್ಬರೂ ಒಂದೇ ಹೊದಿಕೆಯೊಳಗೆ ಸೇರಿಕೊಂಡು, ಅಪ್ಪ ಗದರುವ ತನಕ ಕಿಸಿಕಿಸಿ ನಗುತ್ತಿದ್ದರು. ಆಮೇಲೆ ಸೇತುವೆ ಬಂತು. ದೋಣಿ ನಿಂತಿತು, ಬುಟ್ಟಿಗಳು ಗುಜರಿಗೆ ಹೋದವು. ಅಕ್ಕ ಈಗ ಬಸ್ಸಿನಲ್ಲಿ ಬಂದು, ಟೀ ಕುಡಿದು, ಮುಂದಿನ ಬಸ್ಸಿಗೆ ಎದ್ದುಬಿಡುತ್ತಿದ್ದಳು.

ಒಮ್ಮೆ ನಗರಸಭೆಯವರು, ಊರಿನ ಬಯಲುಗಳಲ್ಲಿ ಸ್ವಲ್ಪ ಕಾಲದ ಮಟ್ಟಿಗೆ ಏನಾದರೂ ಕಲಾಕೃತಿ ಮಾಡಬಯಸುವವರು ಬಂದು ಹೇಳಬಹುದೆಂದು ಸಾರಿದರು. ಗೇಟಕ್ಕ ಶೆಡ್ಡಿನಿಂದ ನೇರ ಸಭೆಗೇ ಹೋದಳು. ಒಂದು ಸಂಜೆ, ಒಂದೇ ಸಂಜೆ, ದೋಣಿ ಹಾಯುತ್ತಿದ್ದ ದಾರಿಯುದ್ದಕ್ಕೂ ನೀರಿನ ಮೇಲೆ ಬೆಂಕಿ ಹಚ್ಚೋಣ ಎಂದಳು. ಅದು ಕೈಮೀರಿದರೆ ಆರಿಸುವವರು ಯಾರೆಂದು ಅಗ್ನಿಶಾಮಕ ದಳದ ಅಧಿಕಾರಿ ಕೇಳಿದರು.

"ಸುತ್ತ ನೀರೇ ಇದೆಯಲ್ಲ ಸಾಹೇಬ್ರೇ."

ಸಭೆ ಗೊಳ್ಳೆಂದಿತು, ಅವರು ಮಾತ್ರ ನಗಲಿಲ್ಲ. ತನಗೆ ಚಿಂತೆ ಬೆಂಕಿಯದಲ್ಲ, ದಡದಲ್ಲಿ ನೂಕಾಡುವ ಜನರದು ಎಂದರು. ಗೇಟಕ್ಕ ಅದನ್ನು ಯೋಚಿಸಿಯೇ ಇರಲಿಲ್ಲ. ಹೌದಲ್ಲ ಎಂದು ಒಪ್ಪಿಕೊಂಡಳು. ಚಿತ್ರಕಲೆಯ ಮೇಡಂ ಒಬ್ಬರು, ಇದರಲ್ಲಿ ಕಲೆ ಎಲ್ಲಿದೆ ಎಂದು ಮೆಲ್ಲಗೆ ಕೇಳಿದರು.

"ಅದೆಲ್ಲ ನಂಗೊತ್ತಿಲ್ಲ ಮೇಡಂ. ಸೇತುವೆ ಬಂದ್ಮೇಲೆ ಯಾರೂ ಯಾರ ಮನೇಲೂ ಉಳ್ಕೊಳ್ತಿಲ್ಲ. ಹೊಳೆ ಎಷ್ಟು ಅಗಲ ಇತ್ತು ಅಂತ ಒಂದ್ಸಲ ಎಲ್ರೂ ನಿಂತು ನೋಡ್ಲಿ ಅಂತ."

ಸಭೆಯವರು ಮೊದಲು ಒಂದು ಬುಟ್ಟಿ ತೇಲಿಸಿ ತೋರಿಸುವಂತೆ ಹೇಳಿ ಕಳಿಸಿದರು.

ಆ ಒಂದು ಬುಟ್ಟಿ ದಡ ಬಿಟ್ಟದ್ದೇ ತಡ ವಾಲಿ, ಚೊಯ್ ಎಂದು ಆರಿ ಮಗುಚಿಕೊಂಡಿತು. ಗೇಟಕ್ಕನಿಗೆ ನಾಚಿಕೆಯಿಂದ ಭೂಮಿ ಬಾಯಿಬಿಟ್ಟರೆ ಸಾಕೆನಿಸಿತು. ಅಷ್ಟರಲ್ಲಿ ಆ ಅಧಿಕಾರಿಯೇ ಪ್ಯಾಂಟು ಮಡಿಸಿ ನೀರಿಗಿಳಿದು, ಪೀಪಾಯಿಯ ಅಡಿಗೆ ಭಾರ ಕಟ್ಟಿ ನೋಡೋಣ ಎಂದರು. ಕಲ್ಲು ಕಟ್ಟಿದ ಮೇಲೆ ಬುಟ್ಟಿ ಗಟ್ಟಿಯಾಗಿ ನಿಂತಿತು. ಅಪ್ಪನೂ ಹೀಗೇ ಕಲ್ಲು ಕಟ್ಟಿರಬೇಕು. ಚಿಕ್ಕವಳಾಗಿದ್ದ ಅವಳಿಗೆ ಮೇಲಿನ ಬೆಂಕಿಯಷ್ಟೇ ಕಂಡಿತ್ತು.

ಸಭೆ ಒಪ್ಪಿತು. ಗೊತ್ತುಮಾಡಿದ ಸಂಜೆ, ಜನ ನುಗ್ಗದಂತೆ ದಡದುದ್ದಕ್ಕೂ ಹಗ್ಗ ಕಟ್ಟಿದ್ದರು. ಬುಟ್ಟಿಗಳು ಒಂದೊಂದಾಗಿ ಹೊತ್ತಿಕೊಂಡಂತೆ ಗದ್ದಲ ತಾನಾಗಿಯೇ ಅಡಗಿತು. ನೀರು ಕೆಂಪಾಯಿತು. ಮೊಮ್ಮಕ್ಕಳ ಭುಜ ಹಿಡಿದು ನಿಂತ ಹಿರಿಯರು, ಆ ಬಂಡೆ ಅಲ್ಲಿತ್ತು, ಈ ಸುಳಿ ಇಲ್ಲಿತ್ತು ಎಂದು ಬೆರಳು ಚಾಚುತ್ತಿದ್ದರು. ಗೇಟಕ್ಕ ಪಕ್ಕದಲ್ಲಿದ್ದ ಅಕ್ಕನ ಮುಖ ನೋಡಿದಳು.

"ಅಪ್ಪನ ಬೆಂಕಿ ಇಷ್ಟು ಚೆಂದ ಇರ್ಲಿಲ್ಲ ಕಣೇ," ಎಂದಳು ಅಕ್ಕ. "ಹಸಿ ಸೌದೆ. ಬರೀ ಹೊಗೆ."

ಗೇಟಕ್ಕನಿಗೆ ರೇಗಿತು. ನೀನು ಆಚೆ ದಡದಲ್ಲಿದ್ದೆ, ನಿನಗೇನು ಗೊತ್ತು ಎಂದು ಜಗಳಕ್ಕೇ ನಿಂತಳು. ಅಕ್ಕ ಎದುರಾಡಲಿಲ್ಲ. ಅಪ್ಪ ದಿನಾ ಊಟಕ್ಕೆ ಕೂರುವಾಗ ಅವನ ಕಣ್ಣು ಹೇಗಿರುತ್ತಿತ್ತು, ನೆನಪಿದೆಯಾ ಎಂದು ಮಾತ್ರ ಕೇಳಿದಳು. ನೆನಪಿತ್ತು. ಕೆಂಡದ ಹಾಗೆ ಕೆಂಪಗಿರುತ್ತಿತ್ತು. ಬಾಗಿಲಲ್ಲಿ ನಿಂತು ಎಷ್ಟು ಸಲ ನೀರು ಎರಚಿಕೊಂಡರೂ ಹೋಗುತ್ತಿರಲಿಲ್ಲ.

"ಹೌದು ಕಣೇ," ಎಂದಳು ಗೇಟಕ್ಕ.

ಬೆಂಕಿ ಕುಗ್ಗುವ ತನಕ ಇಬ್ಬರೂ ಅಲ್ಲೇ ನಿಂತಿದ್ದರು. ಆಮೇಲೆ ಅಕ್ಕ ಎಂದಿನಂತೆ ಬಸ್ಸು ಹತ್ತಿದಳು. ಗೇಟಕ್ಕ ಸೀರೆ ಎತ್ತಿ ಕಟ್ಟಿ, ಬುಟ್ಟಿಗಳನ್ನು ಎಳೆದು ತರಲು, ಆ ಸಂಜೆಗೆಂದು ತರಿಸಿದ್ದ ದೋಣಿಗೆ ಇಳಿದಳು.