ಕಡೇ ಬೆಂಚಿಗೆ ಹಾಕಿದ ಬೀಗ

ಒಂದು ‘ಚಾ ಆತೇನು?’ ನನಗೆ ಎಷ್ಟಕ್ಕೆ ಬಿತ್ತು ಎಂದು ಮೊದಲೇ ಹೇಳಿಬಿಡುತ್ತೇನೆ. ಅರ್ಧ ದಿನದ ಅಂಗಡಿ, ಕಲಬುರಗಿಯಿಂದ ಕಮಲಾಪುರಕ್ಕೆ ಹೋಗಿಬರುವ ಬಸ್ ಚಾರ್ಜು, ಮತ್ತು ಎರಡು ಡಜನ್ ಕೆಂಪು ಬಾಳೆಹಣ್ಣಿಗೆ ಮಾರುವವನು ಕೇಳಿದಷ್ಟು ರೊಕ್ಕ. ಕೇಳಿದಷ್ಟು! ಸೈಕಲ್ ಮೇಲೆ ಕುಪ್ಪಸದ ಖಣ ಮಾರುತ್ತ ಶುರುಮಾಡಿ, ಇವತ್ತು ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯಲ್ಲಿ ಸೀರೆ ಅಂಗಡಿ ಇಟ್ಟುಕೊಂಡಿರುವ ನಾನು ಯಾರಿಗೂ ಕೇಳಿದಷ್ಟು ಕೊಟ್ಟವನಲ್ಲ. ಹಲ್ಲು ಕೀಳಿಸಿಕೊಂಡು, ಬಾಯಲ್ಲಿ ಹತ್ತಿ ಇಟ್ಟುಕೊಂಡೇ ಕೈಸನ್ನೆಯಲ್ಲಿ ಡಾಕ್ಟರ ಫೀಸು ಇಳಿಸಿದವನು. ಆದ್ದರಿಂದ ಈ ಬೆಲೆ ಯಾಕೆ ತೆತ್ತೆನೆಂದು ನಿಮಗೆ ವಿವರಿಸಲೇಬೇಕು.

ಕಮಲಾಪುರದ ಶಾಲೆಯಲ್ಲಿ ಕಡೇ ಬೆಂಚಿನ ಆಸುಪಾಸು ಕೂಡುತ್ತಿದ್ದ ಒಂಬತ್ತು ಮಂದಿಯ ವಾಟ್ಸಾಪ್ ಗ್ರೂಪು ನಮ್ಮದು. ಹೆಸರೂ ‘ಕಡೇ ಬೆಂಚು’. ಕಟ್ಟಿದವನು ನಾನು, ಹಾಗಾಗಿ ಅಡ್ಮಿನ್ನೂ ನಾನೇ. ಬೆಳಿಗ್ಗೆ ಏಳೂವರೆಗೆ ಶರಣು ಶುರುಮಾಡುತ್ತಿದ್ದ. ಅವನಿಗೆ ಕಮಲಾಪುರದಲ್ಲಿ ಬಾಳೆತೋಟವಿದೆ. ಹೆದ್ದಾರಿಯ ಪಕ್ಕ ತಗಡಿನ ನೆರಳಲ್ಲಿ ಹಣ್ಣು ಮಾರುತ್ತಾನೆ. “ಚಾ ಆತೇನು ಎಲ್ಲಾರ್ದು?” ಇಷ್ಟೇ ಅವನ ಸುದ್ದಿ. ಅದಕ್ಕೆ ಕಲಬುರಗಿಯ ಖೂಬಾ ಪ್ಲಾಟ್ ಬಡಾವಣೆಯಿಂದ ಬ್ಯಾಂಕಿನ ವಸಂತರಾವ, “ಝಾಲಾ. ಎರಡನೇದು ನಡದದ” ಎನ್ನುವನು. ಅವರ ಮನೆಯಲ್ಲಿ ಮರಾಠಿ, ಕನ್ನಡ ಒಂದೇ ಒಲೆಯ ಮೇಲೆ ಬೇಯುತ್ತವೆ. ಟೈರ್ ಅಂಗಡಿಯ ಖಾಜಾ, “ನಮ್ಮಲ್ಲಿ ಇವತ್ತ ಸುಸಲಾ, ಮಿರ್ಚಿ ಭಜಿ. ಯಾರೂ ಬರಬ್ಯಾಡ್ರಿ, ಮಂಡಾಳ ಕಮ್ಮಿ ಅದ” ಎಂದು ಬರೆಯುವನು. ಸುಸಲಾ ಎಂದರೆ ಮಂಡಾಳದ, ಅಂದರೆ ಚುರುಮುರಿಯ, ಒಗ್ಗರಣೆ. ಅಲ್ಲಿಂದ ಮಾತು ಮಂಡಾಳದ ರುಚಿಗೆ, ಯಾರದೋ ಮೊಣಕಾಲಿಗೆ, ಮೊಣಕಾಲಿನಿಂದ ಡ್ರಿಲ್ ಮಾಸ್ತರರಿಗೆ ಹೊರಳಿ, ಮಧ್ಯಾಹ್ನಕ್ಕೆ ಮೆಸೇಜು ನೂರು ದಾಟುತ್ತಿದ್ದವು. ಅದರಲ್ಲಿ ತಿಳಿದುಕೊಳ್ಳುವಂಥ ವಿಷಯ ಹುಡುಕುವುದೆಂದರೆ ಚುರುಮುರಿಯಲ್ಲಿ ಗೋಡಂಬಿ ಹುಡುಕಿದಂತೆ.

ಒಮ್ಮೆ ಗೋಡಂಬಿ ಇತ್ತು! ವಸಂತರಾವನ ನೆರೆಯವರು ಗಾಜಿನ ಕಪಾಟೊಂದನ್ನು ಅಗ್ಗಕ್ಕೆ ಮಾರುವವರಿದ್ದರು. ಅವನು ಅದನ್ನು ಗ್ರೂಪಿನಲ್ಲಿ ಹಾಕಿದ್ದ. ಅದರ ಮೇಲೆ ಮಿರ್ಚಿ ಭಜಿಯ ಚರ್ಚೆ ರಾಶಿ ಬಿದ್ದು ನಾನು ನೋಡಿದ್ದು ಎರಡು ದಿನ ತಡವಾಗಿ. ಕಪಾಟು ಹೋಗಿತ್ತು. ಕೈಗೆ ಬಂದ ಮಾಲು ತಪ್ಪಿದಾಗ ವ್ಯಾಪಾರಿಯ ತಲೆ ನೆಟ್ಟಗಿರುವುದಿಲ್ಲ. “ಇನ್ನ ಮ್ಯಾಲ ಗ್ರೂಪಿನ್ಯಾಗ ಕೆಲಸದ ಮಾತಷ್ಟೇ. ಶರಣ್ಯಾ, ದಿನಾ ಚಾ ಆತೇನು ಅಂತ ಕೇಳ್ತಿ, ಒಂದು ದಿನಾನಾರ ಕುಡಿಸೀಯೇನು?” ಎಂದು ಬರೆದೆ. ಬರೆದು, ಅಡ್ಮಿನ್ ಮಾತ್ರ ಬರೆಯಬಹುದೆಂಬ ಬೀಗವನ್ನೂ ಒತ್ತಿಬಿಟ್ಟೆ.

ಮೊದಲ ಎರಡು ದಿನ ಸ್ವರ್ಗ. ನಾನೊಬ್ಬನೇ ಉಪಯುಕ್ತ ಸಲಹೆಗಳನ್ನು ಹಾಕಿದೆ. ಬಣ್ಣ ಬಿಡುವ ಸೀರೆಯನ್ನು ಒದ್ದೆ ಕರವಸ್ತ್ರದಿಂದ ಪತ್ತೆಹಚ್ಚುವುದು ಹೇಗೆ, ಮದುವೆ ಜವಳಿಗೆ ಹೋಗುವಾಗ ಎಷ್ಟು ಮಂದಿಯನ್ನು ಮನೆಯಲ್ಲೇ ಬಿಟ್ಟುಹೋಗಬೇಕು, ಇತ್ಯಾದಿ. ಎಲ್ಲರೂ ಓದಿದ ಗುರುತಿಗೆ ಗೆರೆಗಳು ನೀಲಿಯಾದವು. ಐದನೆಯ ದಿನ ಸೂರತ್ ಮಾಲಿನ ಏಜೆಂಟನನ್ನು ನಾನು ಹಿಂಡಿದ ರೀತಿ ನನಗೇ ಹೆಮ್ಮೆ ತಂದಿತು. ಮೂರು ಸಲ ಎದ್ದು ಹೋಗಿ ಮೂರು ಸಲ ಮರಳಿ ಬಂದ. ಮನೆಗೆ ಬಂದು ಹೆಂಡತಿಗೆ ಹೇಳಹೊರಟರೆ ಅವಳು, “ಇದನ್ನ ನನಗ್ಯಾಕ ಹೇಳ್ತೀರಿ? ನಿಮ್ಮ ಬೆಂಚಿನವ್ರಿಗೆ ಹೇಳ್ರಿ, ಅವ್ರು ನಗ್ತಾರ” ಎಂದಳು. ಬೆಂಚಿನವರಿಗೆ ಬರೆದೆ. ನೀಲಿ ಗೆರೆ. ಬೀಗ ಹಾಕಿದ್ದು ನೆನಪಾಗಿ ತೆಗೆದೆ. ಆಗಲೂ ಯಾರೂ ಕೆಮ್ಮಲಿಲ್ಲ.

ಮರುದಿನ ಖಾಜಾನ ಅಂಗಡಿಗೇ ಹೋದೆ. “ಯಾಕಪಾ, ಬೀಗ ತೆಗದೀನಲ್ಲ?”

“ಮಾಲಕರು ತೆಗದಾರ, ಮೆಹರಬಾನಿ” ಎಂದ ಅವನು, ಟೈರಿನಿಂದ ಮುಖ ಎತ್ತದೆ. “ಆದ್ರ ಶರಣ್ಯಾ ಮೊದಲ ಕೇಳಬೇಕಲ್ಲ? ಅವ ಕೇಳಲಾರದ ನಾವ್ ಏನಂತ ಹೇಳೂದು? ನಾ ಫೋನ್ ಹಚ್ಚಿದ್ದೆ. ‘ನನ್ನ ಮಾತಿಗೆ ಅಲ್ಲಿ ಗಿರಾಕಿ ಇಲ್ಲ’ ಅಂದ.”

ಹೀಗೆ ಅರ್ಧ ದಿನ ಅಂಗಡಿ ಮುಚ್ಚಿ ಬಸ್ ಹತ್ತಿದೆ. ಕಿಟಕಿ ಪಕ್ಕ ಕೂತಾಗ ನನ್ನ ದಡ್ಡತನ ನನಗೇ ಹೊಳೆಯಿತು. ನನ್ನ ಅಂಗಡಿಗೆ ಬಂದವರಿಗೆ ನಾನು ಸೀರೆ ತೋರಿಸುವುದು ಯಾವಾಗ? ಬರ್ರಿ, ಕೂಡ್ರಿ, ನೀರು ಕುಡೀರಿ, ಮಗಳ ಪರೀಕ್ಷೆ ಹ್ಯಾಂಗಾತು, ಇವೆಲ್ಲ ಮುಗಿದ ಮೇಲೆ. ಬಂದ ಕೂಡಲೇ ‘ಏನು ಬೇಕು?’ ಎನ್ನುವ ಅಂಗಡಿಗೆ ಜನ ಎರಡನೆಯ ಸಲ ಹತ್ತುವುದಿಲ್ಲ. ಸೀರೆಯ ಅಂಚಿಗೆ ಒಳಗಿನಿಂದ ಫಾಲ್ ಹಚ್ಚುತ್ತಾರಲ್ಲ, ಅದನ್ನು ಯಾರೂ ನೋಡುವುದಿಲ್ಲ, ಯಾರೂ ಹೊಗಳುವುದಿಲ್ಲ. ಆದರೆ ಅದಿಲ್ಲದಿದ್ದರೆ ಎಂಥ ರೇಷ್ಮೆಯ ನೆರಿಗೆಯೂ ನಿಲ್ಲುವುದಿಲ್ಲ. ದಿನಾ ಫಾಲ್ ಮಾರುವ ನಾನು, ಗೆಳೆತನದಿಂದ ಅದನ್ನೇ ಬಿಚ್ಚಿ ಎಸೆದಿದ್ದೆ.

ಶರಣು ತಗಡಿನ ಕೆಳಗೆ ಕೂತಿದ್ದ. ನೋಡಿದವನೇ, “ಬರ್ರಿ ಸಾವಕಾರ್ರ. ಏನ್ ಕೆಲಸದ ಮ್ಯಾಲ ಬಂದೀರಿ?” ಎಂದ.

ಹನ್ನೊಂದನೇ ವಯಸ್ಸಿನಿಂದ ನನ್ನನ್ನು ‘ಲೇ ಮಲ್ಲ್ಯಾ’ ಎಂದವನ ಬಾಯಲ್ಲಿ ‘ರೀ’ ಕೇಳಿದಾಗ ನನಗೆ ಕಪಾಳಕ್ಕೆ ಹೊಡೆದಂತಾಯಿತು. ತಪ್ಪಾಯಿತು ಎನ್ನುವ ಮಾತನ್ನು ದಾರಿಯುದ್ದಕ್ಕೂ ಹೆಣೆದುಕೊಂಡು ಬಂದಿದ್ದೆ. ಆದರೆ ಬಾಯಿ ತೆರೆದಾಗ “ಎರಡು ಡಜನ್ ಕೊಡು” ಎಂದೆ.

ಅವನು ಒಂದು ಬೆಲೆ ಹೇಳಿದ. ಆ ಬೆಲೆಗೆ ಬಾಳೆಹಣ್ಣಲ್ಲ, ಗಿಡವೇ ಬರುತ್ತಿತ್ತು. ಹೇಳಿ, ನಾನು ಅರ್ಧಕ್ಕೆ ಕೇಳುವುದನ್ನು ಕಾಯುತ್ತ ನಿಂತ. ನಾನು ಸುಮ್ಮನೆ ನೋಟು ಎಣಿಸಿ ಕೊಟ್ಟೆ.

ಅವನು ನೋಟು ನೋಡಿದ. ನನ್ನ ಮುಖ ನೋಡಿದ. ಎದ್ದು ಬಂದು ಹಣೆ ಮುಟ್ಟಿದ.

“ಲೇ ಮಲ್ಲ್ಯಾ, ಆರಾಮ ಅದೀ ಇಲ್ಲೋ? ಡಾಕ್ಟರ್ ಏನರ ಅಂದಾನೇನು? ಖರೇ ಹೇಳು!”

“ಆರಾಮ ಇದ್ದೀನಿ. ಒಂದು ವಾರ ಆತು, ಯಾರೂ ಚಾ ಆತೇನು ಅಂತ ಕೇಳಿಲ್ಲ, ಅಷ್ಟ.”

ಅವನು ಎದುರಿನ ಹೋಟೆಲಿನತ್ತ ಎರಡು ಬೆರಳೆತ್ತಿ ಎರಡು ಚಹಾ ಹೇಳಿದ. ಆಮೇಲೆ ಮೊಬೈಲು ತೆಗೆದು ಒಂದೊಂದೇ ಅಕ್ಷರ ಒತ್ತಿದ. ನನ್ನ ಜೇಬಿನಲ್ಲಿ ಕಡೇ ಬೆಂಚು ಗುಂಯ್‌ಗುಟ್ಟಿತು: “ಮಲ್ಲ್ಯಾ ಚೌಕಾಸಿ ಮಾಡಲಾರದ ರೊಕ್ಕ ಕೊಟ್ಟಾನ. ನನಗ ಅಂಜಿಕಿ ಬಂದದ. ಎಲ್ಲಾರ್ದೂ ಚಾ ಆತೇನು?”

ಚಹಾ ಬರುವುದರೊಳಗೆ ಮೂವತ್ತು ಮೆಸೇಜು. ಖಾಜಾ, “ವೀಡಿಯೊ ಕಳಿಸು, ಇಲ್ಲಾಂದ್ರ ನಂಬಾಂಗಿಲ್ಲ” ಎಂದ. ವಸಂತರಾವ, “ಬ್ಯಾಂಕಿನ್ಯಾಗ ಆ ನೋಟು ಖರೇನೋ ಖೋಟಾನೋ ನೋಡಿ ಹೇಳ್ತೀನಿ” ಎಂದ. ಚಹಾದ ರೊಕ್ಕ ಶರಣುವೇ ಕೊಟ್ಟ.

ಈಗ ನಿಮಗೊಂದು ಸಲಹೆ. ಇದಕ್ಕೆ ನಾನು ಪೂರ್ತಿ ಬೆಲೆ ತೆತ್ತಿರುವುದರಿಂದ ನಿಮಗೆ ಪುಕ್ಕಟೆ. ಗ್ರೂಪಿನ ಗದ್ದಲ ತಾಳಲಾಗದಿದ್ದರೆ ಸದ್ದಷ್ಟೇ ನಿಲ್ಲಿಸಿ, ಬಾಗಿಲಿಗೆ ಬೀಗ ಹಾಕಬೇಡಿ. ‘ಚಾ ಆತೇನು’ ಎಂದು ಕೇಳಿದವನಿಗೆ ದಿನಕ್ಕೊಮ್ಮೆಯಾದರೂ ‘ಆತು’ ಎನ್ನಿ, ಆಗಿರದಿದ್ದರೂ ಸರಿ. ಇನ್ನು ಕಮಲಾಪುರದ ಕೆಂಪು ಬಾಳೆ ಕೊಳ್ಳುವಾಗ ಸ್ವಲ್ಪ ಗಟ್ಟಿ ಇರುವುದನ್ನೇ ಆರಿಸಿ. ಮನೆಯಲ್ಲಿ ಎರಡು ದಿನಕ್ಕೆ ತಾನೇ ಮೆತ್ತಗಾಗುತ್ತದೆ. ಬೆಲೆಯನ್ನು ಧಾರಾಳವಾಗಿ ಚೌಕಾಸಿ ಮಾಡಿ. ಆದರೆ ತಗಡಿನ ಕೆಳಗೆ ಕೂತವನು ಮೊದಲು ‘ಚಾ ಆತೇನ್ರೀ?’ ಎಂದರೆ, ಅದಕ್ಕೆ ಉತ್ತರ ಕೊಟ್ಟು ಆಮೇಲೆ ಹಣ್ಣು ಮುಟ್ಟಿ.